ಹೊಟ್ಟೆಯ ರಕ್ತನಾಳಕ್ಕೆ ಸ್ಟೆಂಟ್ ಗ್ರಾಫ್ಟ್ ಹಾಕಿಸಿದ ಮೇಲೆ: ವರ್ಷಾವರ್ಷ ಏನು ನೋಡಿಸಬೇಕು, ಹೇಗೆ ನೋಡಿಸಬೇಕು

ಅಪ್ಪನಿಗೆ ಆಪರೇಷನ್ ಆಗಿ ಮೂರನೇ ವರ್ಷ ನಾವು ಸ್ಕ್ಯಾನ್ ಮಾಡಿಸಲಿಲ್ಲ. ಅವರು ಚೆನ್ನಾಗಿದ್ದರು, ಅದೇ ಕಾರಣ. ಬೆಳಿಗ್ಗೆ ಎದ್ದು ತೋಟಕ್ಕೆ ಒಂದು ಸುತ್ತು ಹೋಗಿ ಬರುತ್ತಿದ್ದರು, ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಆ ವರ್ಷ ಮಳೆಯೂ ಜೋರಾಗಿತ್ತು, ಮಳೆ ನಿಂತ ಮೇಲೆ ಕಾಫಿ ಕೊಯ್ಲು ಶುರುವಾಯಿತು, ಆಳು ಸಿಗಲಿಲ್ಲ, ಹೀಗೇ ದಿನ ಕಳೆಯಿತು. ನಾಲ್ಕನೇ ವರ್ಷ ಹೋದಾಗ ರಕ್ತನಾಳದ ಉಬ್ಬಿನ ಅಗಲ ಮೊದಲು 52 ಮಿಲಿಮೀಟರ್ ಇದ್ದದ್ದು 60 ಆಗಿತ್ತು. ಒಂದು ದಿನವೂ ನೋವು ಅಂದವರಲ್ಲ.

ನಾನು ಡಾಕ್ಟರ್ ಅಲ್ಲ. ಸಕಲೇಶಪುರದ ಕಡೆಯ ತೋಟದ ಮನೆಯವನು, ಆರು ವರ್ಷದಿಂದ ಅಪ್ಪನ ಫೈಲ್ ಹಿಡಿದು ಹಾಸನ, ಬೆಂಗಳೂರು ಅಂತ ಓಡಾಡುತ್ತಿದ್ದೇನೆ. ನಮ್ಮ ಕಡೆ ಈಗ ಇವಾರ್ ಮಾಡಿಸಿಕೊಂಡವರು ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ತೊಡೆಸಂದಿಯಿಂದ ತಂತಿ ತೂರಿಸಿ, ಹೊಟ್ಟೆ ಕೊಯ್ಯದೆ, ಉಬ್ಬಿದ ರಕ್ತನಾಳದೊಳಗೆ ಸ್ಟೆಂಟ್ ಗ್ರಾಫ್ಟ್ ಅನ್ನುವ ಬಟ್ಟೆಯ ಕೊಳವೆ ಕೂರಿಸುವ ಆಪರೇಷನ್ ಅದು. ಮೂರ್ನಾಲ್ಕು ದಿನಕ್ಕೆ ಮನೆಗೆ ಬರುತ್ತಾರೆ. ಬಂದ ಮೇಲೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ನಾವೂ ಹಾಗೇ ಅಂದುಕೊಂಡಿದ್ದೆವು. ಯಾವ ಸ್ಕ್ಯಾನ್ ಯಾವಾಗ ಬೇಕು ಅಂತ ಕೊನೆಗೆ ತೀರ್ಮಾನ ಮಾಡುವವರು ನಿಮ್ಮ ಡಾಕ್ಟರೇ. ಆದರೆ ಡಾಕ್ಟರ್ ಹೇಳಿದ್ದನ್ನು ವರ್ಷಗಟ್ಟಲೆ ನಡೆಸಿಕೊಂಡು ಹೋಗಬೇಕಾದವರು ಮನೆಯವರು, ಈ ಬರಹ ಅವರಿಗಾಗಿ.

ಒಳಗೆ ಏನು ಕೂತಿದೆ ಅಂತ ಮೊದಲು ತಿಳಿದುಕೊಳ್ಳಿ

ಹೃದಯದಿಂದ ಹೊರಟು ಬೆನ್ನುಮೂಳೆಯ ಮುಂದೆ ಇಳಿದು ಬರುವ ದೊಡ್ಡ ರಕ್ತನಾಳದ ಹೆಸರು ಅಯೋರ್ಟಾ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸುಮಾರು 2 ಸೆಂಟಿಮೀಟರ್. ಅದು ಉಬ್ಬಿ 3 ಸೆಂಟಿಮೀಟರ್ ಮುಟ್ಟಿದರೆ ಅನ್ಯೂರಿಸಮ್ ಅನ್ನುತ್ತಾರೆ. ಗಂಡಸರಲ್ಲಿ 5.5, ಹೆಂಗಸರಲ್ಲಿ 5 ಸೆಂಟಿಮೀಟರ್ ಆದಾಗ ಸಾಮಾನ್ಯವಾಗಿ ಆಪರೇಷನ್ ಮಾತು ಬರುತ್ತದೆ, ಯಾಕೆಂದರೆ ಅಲ್ಲಿಂದಾಚೆಗೆ ಒಡೆಯುವ ಭಯ ಜಾಸ್ತಿ.

ಇವಾರ್‌ನಲ್ಲಿ ಆ ಉಬ್ಬಿದ ಚೀಲವನ್ನು ತೆಗೆದು ಬಿಸಾಡುವುದಿಲ್ಲ. ಚೀಲ ಅಲ್ಲೇ ಇರುತ್ತದೆ. ಅದರೊಳಗೆ ಒಂದು ಕೊಳವೆ ಕೂರುತ್ತದೆ, ಮೇಲೆ ಒಂದು ಬಾಯಿ, ಕೆಳಗೆ ಎರಡು ಕಾಲು, ಪ್ಯಾಂಟ್ ಹೊಲಿದ ಹಾಗೆ. ರಕ್ತ ಕೊಳವೆಯೊಳಗೆ ಹರಿದರೆ ಚೀಲದ ಮೇಲೆ ಒತ್ತಡ ಬೀಳುವುದಿಲ್ಲ, ದಿನ ಕಳೆದಂತೆ ಅದು ಕುಗ್ಗುತ್ತದೆ. ಕೆಲವರಿಗೆ ಕುಗ್ಗದೆ ಇದ್ದ ಹಾಗೇ ಇರುತ್ತದೆ. ಬೆಳೆಯಬಾರದು, ಅದು ಮುಖ್ಯ.

ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಮುಂದಿನದು ಬೇಗ ಅರ್ಥವಾಗುತ್ತದೆ. ಹೂಮಳೆ ಕೈಕೊಟ್ಟ ವರ್ಷ ಪೈಪ್ ಜೋಡಿಸಿ ಮೋಟರ್ ಹಾಕಿದಾಗ ನೀರು ಎಲ್ಲೆಲ್ಲಿ ಸೋರುತ್ತದೆ? ಪೈಪಿನ ತುದಿ ಸರಿಯಾಗಿ ಕೂರದಿದ್ದರೆ ತುದಿಯಲ್ಲಿ, ಜಾಯಿಂಟಿನ ವಾಷರ್ ಜರುಗಿದರೆ ಜಾಯಿಂಟಿನಲ್ಲಿ, ಪೈಪೇ ತೂತಾಗಿದ್ದರೆ ನಡುವೆ. ಇಲ್ಲೂ ಹಾಗೇ. ಕೊಳವೆಯ ಹೊರಗೆ, ಚೀಲದೊಳಕ್ಕೆ ರಕ್ತ ಸೋರುವುದಕ್ಕೆ ಎಂಡೋಲೀಕ್ ಅನ್ನುತ್ತಾರೆ. ಮೇಲಿನ ಅಥವಾ ಕೆಳಗಿನ ತುದಿಯಲ್ಲಿ ಸೋರಿದರೆ ಟೈಪ್ 1. ಜಾಯಿಂಟ್ ಬಿಟ್ಟರೆ ಅಥವಾ ಬಟ್ಟೆ ಹರಿದರೆ ಟೈಪ್ 3. ಇವೆರಡೂ ಪೂರ್ತಿ ಒತ್ತಡದ ಸೋರಿಕೆ, ಸಾಮಾನ್ಯವಾಗಿ ಬೇಗ ಸರಿ ಮಾಡಿಸಬೇಕಾಗುತ್ತದೆ.

ಟೈಪ್ 2 ಬೇರೆ ತರಹ. ಚೀಲದ ಗೋಡೆಯಿಂದ ಬೆನ್ನಿನ ಕಡೆಗೆ, ಕರುಳಿನ ಕಡೆಗೆ ಹೋಗುವ ಸಣ್ಣ ಸಣ್ಣ ಕವಲುಗಳಿವೆ. ಅವುಗಳಿಂದ ರಕ್ತ ಹಿಂದಕ್ಕೆ ಬಂದು ಚೀಲ ಸೇರುತ್ತದೆ. ಎಲ್ಲಕ್ಕಿಂತ ಜಾಸ್ತಿ ಕಾಣುವುದು ಇದೇ. ಎಷ್ಟೋ ಸಲ ತಾನಾಗಿ ಮುಚ್ಚಿಕೊಳ್ಳುತ್ತದೆ. ಚೀಲ ಬೆಳೆಯದಿದ್ದರೆ ನೋಡುತ್ತಾ ಇರುತ್ತಾರೆ, ಬೆಳೆದರೆ ಮಾತ್ರ ಕೈ ಹಾಕುತ್ತಾರೆ. ಟೈಪ್ 4 ಮತ್ತು 5 ಅಂತಲೂ ಇವೆ, ಅಪರೂಪ.

ಹಾಗಾಗಿ ರಿಪೋರ್ಟಿನಲ್ಲಿ "ಎಂಡೋಲೀಕ್ ಇದೆ" ಅಂತ ಓದಿದ ಕೂಡಲೇ ಎದೆ ಒಡೆದುಕೊಳ್ಳಬೇಡಿ. ಯಾವ ಟೈಪ್, ಚೀಲದ ಅಳತೆ ಎಷ್ಟು, ಹೋದ ಸಲ ಎಷ್ಟಿತ್ತು, ಈ ಮೂರನ್ನು ಕೇಳಿ.

ಡಿಸ್ಚಾರ್ಜ್ ದಿನವೇ ಕೈಗೆ ತೆಗೆದುಕೊಳ್ಳಬೇಕಾದದ್ದು

ಬಿಲ್ ಕಟ್ಟುವ ಗಡಿಬಿಡಿ, ಔಷಧಿ ತರುವ ಗಡಿಬಿಡಿ, ಹೊರಗೆ ಬಾಡಿಗೆ ಕಾರು ಕಾಯುತ್ತಿರುತ್ತದೆ. ಆದರೂ ಇಂಪ್ಲಾಂಟ್ ಕಾರ್ಡ್ ಕೇಳಿ ತೆಗೆದುಕೊಳ್ಳದೆ ಹೊರಡಬೇಡಿ. ಯಾವ ಕಂಪನಿಯ ಗ್ರಾಫ್ಟ್, ಯಾವ ಮಾಡೆಲ್, ಯಾವ ಸೈಜು, ಯಾವ ದಿನ ಹಾಕಿದ್ದು ಎಲ್ಲ ಅದರಲ್ಲಿರುತ್ತದೆ. ಮುಂದೆ ಯಾವತ್ತಾದರೂ ಎಂಆರ್‌ಐ ಮಾಡಬೇಕಾದರೆ ಮೊದಲು ಕೇಳುವುದು ಇದನ್ನೇ. ಜಾಸ್ತಿ ಗ್ರಾಫ್ಟ್‌ಗಳ ಚೌಕಟ್ಟು ನಿಟಿನಾಲ್, ಅಂದರೆ ನಿಕ್ಕಲ್ ಮತ್ತು ಟೈಟಾನಿಯಂ ಬೆರೆಸಿದ ಲೋಹ. ಕೆಲವು ಸ್ಟೀಲಿನವೂ ಇವೆ, ಅವುಗಳಲ್ಲಿ ಎಂಆರ್‌ಐ ಚಿತ್ರ ಕೆಡುತ್ತದೆ. ಕಾರ್ಡನ್ನು ಎರಡು ಕಡೆ ಜೆರಾಕ್ಸ್ ಮಾಡಿಸಿ, ಒಂದು ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲಿರಲಿ.

ಆಪರೇಷನ್‌ಗಿಂತ ಮುಂಚಿನ ಸಿಟಿ ಸ್ಕ್ಯಾನಿನ ಸಿಡಿಯನ್ನೂ ಕೇಳಿ ಪಡೆಯಿರಿ. ಬರೀ ಫಿಲ್ಮ್ ಸಾಲದು. ಫಿಲ್ಮಿನಲ್ಲಿ ಅವರು ಆರಿಸಿದ ಕೆಲವು ಚಿತ್ರ ಮಾತ್ರ ಇರುತ್ತವೆ, ಸಿಡಿಯಲ್ಲಿ ಪೂರ್ತಿ ಇರುತ್ತದೆ, ಬೇರೆ ಡಾಕ್ಟರ್ ಮತ್ತೆ ಅಳತೆ ಹಿಡಿಯಬಹುದು.

ಇನ್ನೊಂದು ಮಾತು ಮಲೆನಾಡಿನವರಿಗೆ. ಅಪ್ಪನ ಮೊದಲ ಸಿಡಿಯನ್ನು ನಾವು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬೀರುವಿನ ಮೇಲೆ ಇಟ್ಟಿದ್ದೆವು. ಒಂದು ಮಳೆಗಾಲ ಕಳೆದು ತೆಗೆದರೆ ಹಿಂಬದಿಯಲ್ಲಿ ಬಿಳೀ ಬೂಸ್ಟು, ಜೇಡರ ಬಲೆಯಂತೆ ಹರಡಿಕೊಂಡಿತ್ತು. ಫಿಲ್ಮುಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸುವಾಗ ಕಪ್ಪು ಬಣ್ಣ ಕಿತ್ತು ಬಂತು. ಆಮೇಲೆ ಆಸ್ಪತ್ರೆಯವರನ್ನು ಕಾಡಿ ಬೇಡಿ ಮತ್ತೊಂದು ಪ್ರತಿ ತರಬೇಕಾಯಿತು. ಈಗ ಸ್ಕ್ಯಾನ್ ಆದ ದಿನವೇ ಹಾಸನದಲ್ಲಿ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಪೆನ್‌ಡ್ರೈವ್‌ಗೆ ಹಾಕಿಸುತ್ತೇನೆ, ತಂಗಿಯ ಹತ್ತಿರ ಇನ್ನೊಂದು ಪ್ರತಿ. ಕಾಗದಗಳು ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ, ಜೊತೆಗೆ ತೇವ ಹೀರುವ ಆ ಸಣ್ಣ ಸಿಲಿಕಾ ಪೊಟ್ಟಣಗಳು. ಹೊಸ ಚಪ್ಪಲಿ ಡಬ್ಬದಲ್ಲಿ ಬರುತ್ತವಲ್ಲ, ಅವೇ.

ಮೊದಲ ಒಂದು ತಿಂಗಳು

ಮೊದಲ ಕೆಲವು ದಿನ ಸ್ವಲ್ಪ ಜ್ವರ, ಸುಸ್ತು ಬರಬಹುದು. ಹೊಸ ವಸ್ತುವಿಗೆ ದೇಹ ಪ್ರತಿಕ್ರಿಯೆ ಕೊಡುವುದು ಅದು, ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಆದರೆ ಜ್ವರ ಇಳಿದು ಮತ್ತೆ ಬಂದರೆ, ಚಳಿ ನಡುಕ ಬಂದರೆ, ತೊಡೆಸಂದಿಯ ಗಾಯದಲ್ಲಿ ಕೀವು, ಕೆಂಪು, ಊತ, ಅಥವಾ ಮುಟ್ಟಿದರೆ ಬಡಿಯುವಂತಹ ಗಂಟು ಕಂಡರೆ ಫೋನಿನಲ್ಲಿ ಕೇಳಿ ಸುಮ್ಮನಾಗಬೇಡಿ, ಹೋಗಿ ತೋರಿಸಿ.

ಪ್ರತಿದಿನ ಎರಡೂ ಪಾದ ಮುಟ್ಟಿ ನೋಡಿ. ಎರಡೂ ಒಂದೇ ಬಿಸಿ ಇರಬೇಕು. ನಾನು ಅಪ್ಪ ಮಲಗಿದ ಮೇಲೆ ಎರಡು ಕೈಯಲ್ಲಿ ಎರಡು ಪಾದ ಹಿಡಿದು ನೋಡುತ್ತಿದ್ದೆ, ಅರ್ಧ ನಿಮಿಷದ ಕೆಲಸ. ಕೊಳವೆಯ ಒಂದು ಕಾಲು ಮಡಚಿಯೋ ರಕ್ತ ಹೆಪ್ಪುಗಟ್ಟಿಯೋ ಮುಚ್ಚಿಕೊಂಡರೆ ಆ ಕಡೆಯ ಕಾಲು ತಣ್ಣಗಾಗುತ್ತದೆ, ಬಿಳಿಚಿಕೊಳ್ಳುತ್ತದೆ, ಜೋಮು ಹಿಡಿಯುತ್ತದೆ, ಸ್ವಲ್ಪ ದೂರ ನಡೆದರೂ ಮೀನಖಂಡ ಹಿಡಿದುಕೊಳ್ಳುತ್ತದೆ. ಇದು ಆಗುವುದಿದ್ದರೆ ಜಾಸ್ತಿ ಮೊದಲ ಕೆಲವು ತಿಂಗಳಲ್ಲೇ. ಕಾಲು ಇದ್ದಕ್ಕಿದ್ದಂತೆ ತಣ್ಣಗಾದರೆ ಅದು ಗಂಟೆಗಳ ಲೆಕ್ಕ, ಬೆಳಗಾಗಲಿ ಅಂತ ಕಾಯುವಂತಿಲ್ಲ.

ನಡೆದರೆ ಪೃಷ್ಠದಲ್ಲಿ ನೋವು ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಸೊಂಟದ ಒಳಕ್ಕೆ ಹೋಗುವ ಕವಲನ್ನು ಮುಚ್ಚಿ ಕೊಳವೆ ಕೂರಿಸಿದ್ದರೆ ಹಾಗಾಗಬಹುದು, ಗಂಡಸರಲ್ಲಿ ಲೈಂಗಿಕ ತೊಂದರೆಯೂ ಬರಬಹುದು. ಮುಚ್ಚಿಟ್ಟುಕೊಳ್ಳದೆ ಡಾಕ್ಟರ ಹತ್ತಿರ ಹೇಳಬೇಕು. ಅಪ್ಪನಂಥವರು ಮಗನ ಎದುರು ಹೇಳುವುದಿಲ್ಲ, ಅಲ್ವಾ? ಅದಕ್ಕೆ ಐದು ನಿಮಿಷ ನೀವು ಹೊರಗೆ ಹೋಗಿ.

ಸ್ಕ್ಯಾನಿನ ಕ್ಯಾಲೆಂಡರ್

ಜಾಸ್ತಿ ಡಾಕ್ಟರುಗಳು ಅನುಸರಿಸುವ ಕ್ರಮ ಹೀಗಿರುತ್ತದೆ. ಒಂದು ತಿಂಗಳಿಗೆ ಕಾಂಟ್ರಾಸ್ಟ್, ಅಂದರೆ ರಕ್ತನಾಳ ಎದ್ದು ಕಾಣುವ ಔಷಧಿ, ಹಾಕಿ ರಕ್ತನಾಳದ ಸಿಟಿ ಸ್ಕ್ಯಾನ್, ಅದೇ ಸಿಟಿ ಆಂಜಿಯೋ. ಅದರಲ್ಲಿ ಸೋರಿಕೆ ಕಂಡರೆ ಆರು ತಿಂಗಳಿಗೆ ಮತ್ತೊಂದು ಸ್ಕ್ಯಾನ್. ಏನೂ ಇಲ್ಲದಿದ್ದರೆ ನೇರ ಒಂದು ವರ್ಷಕ್ಕೆ. ಒಂದು ವರ್ಷದ್ದೂ ಸರಿಯಾಗಿದ್ದರೆ ಅಲ್ಲಿಂದ ವರ್ಷಕ್ಕೊಮ್ಮೆ ರಕ್ತದ ಹರಿವು ತೋರಿಸುವ ಡಾಪ್ಲರ್ ಅಲ್ಟ್ರಾಸೌಂಡ್ ಸಾಕಾಗುತ್ತದೆ, ಐದು ವರ್ಷಕ್ಕೊಮ್ಮೆ ಕಾಂಟ್ರಾಸ್ಟ್ ಇಲ್ಲದ ಸಿಟಿ. ಡಾಪ್ಲರಿನಲ್ಲಿ ಹೊಸ ಸೋರಿಕೆಯೋ ಬೆಳವಣಿಗೆಯೋ ಕಂಡರೆ ಮತ್ತೆ ಸಿಟಿ ಆಂಜಿಯೋ. ಚೀಲ ಚೆನ್ನಾಗಿ ಕುಗ್ಗಿದವರಿಗೆ ಕೆಲವು ಡಾಕ್ಟರುಗಳು ಅಂತರ ಜಾಸ್ತಿ ಮಾಡುತ್ತಾರೆ. ಅದು ಅವರು ಬರೆದುಕೊಟ್ಟ ಮೇಲೆ ಮಾಡಬೇಕಾದದ್ದು, ನಾವೇ ಲೆಕ್ಕ ಹಾಕಿಕೊಂಡು ಬಿಡುವುದಲ್ಲ.

ಎಷ್ಟು ವರ್ಷ ಅಂತ ನಾನೂ ಕೇಳಿದ್ದೆ. ಜೀವನಪೂರ್ತಿ ಅಂದರು. ಆಗ ಅತಿಯಾಯಿತು ಅನ್ನಿಸಿತ್ತು. ಈ ಆಪರೇಷನ್ ಅನ್ನು ಅರ್ಜೆಂಟೀನಾದ ಹುವಾನ್ ಪರೋದಿ 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಮಾಡಿದ ಮೇಲೆ ಜಗತ್ತಿನಲ್ಲೆಲ್ಲ ಹರಡಿತು. ಬ್ರಿಟನ್ನಿನಲ್ಲಿ 1999ರಿಂದ 2004ರವರೆಗೆ 1252 ಜನರನ್ನು ಸೇರಿಸಿಕೊಂಡು, ಅರ್ಧ ಜನಕ್ಕೆ ಇವಾರ್, ಅರ್ಧ ಜನಕ್ಕೆ ಹೊಟ್ಟೆ ಕೊಯ್ದು ಮಾಡುವ ಹಳೇ ಆಪರೇಷನ್ ಅಂತ ಮಾಡಿ ದೊಡ್ಡದೊಂದು ಅಧ್ಯಯನ ನಡೆಸಿದರು. ಹದಿನೈದು ವರ್ಷದ ಲೆಕ್ಕ 2016ರಲ್ಲಿ ಹೊರಬಂತು. ಮೊದಲ ಆರು ತಿಂಗಳಲ್ಲಿ ಇವಾರ್ ಆದವರಲ್ಲಿ ಸಾವು ಕಡಿಮೆ. ಆದರೆ ಎಂಟು ವರ್ಷ ದಾಟಿದ ಮೇಲೆ ಅದು ತಿರುಗಿತು, ಇವಾರ್ ಆದವರಲ್ಲೇ ಅನ್ಯೂರಿಸಮ್‌ನಿಂದ ಸಾಯುವವರು ಜಾಸ್ತಿಯಾದರು. ಮುಖ್ಯ ಕಾರಣ, ಹಳೇ ಚೀಲ ಮತ್ತೆ ಒಡೆದದ್ದು. ಅಂದರೆ ಕೊಳವೆಗೆ ವಯಸ್ಸಾದಷ್ಟೂ ನೋಡುವುದು ಜಾಸ್ತಿ ಮುಖ್ಯ, ಕಡಿಮೆ ಅಲ್ಲ. ಇದನ್ನು ಓದಿದ ಮೇಲೆ ನಾನು ಅಪ್ಪನ ಹತ್ತಿರ ಮುಂದಿನ ವರ್ಷ ನೋಡೋಣ ಅನ್ನುವ ಮಾತು ಆಡಿಲ್ಲ.

ಯಾವ ತಿಂಗಳು ಅಂತ ಗುರುತು ಇಟ್ಟುಕೊಳ್ಳಿ. ತೋಟದವರಿಗೆ ನನ್ನ ಸಲಹೆ ಸೆಪ್ಟೆಂಬರ್ ಕೊನೆ, ಹಾಸನಾಂಬೆ ಬಾಗಿಲು ತೆಗೆಯುವ ಮೊದಲು. ದೊಡ್ಡ ಮಳೆ ಕಳೆದಿರುತ್ತದೆ, ಅರೇಬಿಕಾ ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ. ದೇವಸ್ಥಾನದ ಬಾಗಿಲು ತೆಗೆದ ಮೇಲೆ ಊರೆಲ್ಲ ಜನ, ವಯಸ್ಸಾದವರನ್ನು ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿ ಬರುವುದು ಕಷ್ಟ. ಚಿಕ್ಕಮಗಳೂರು, ಮೂಡಿಗೆರೆ ಕಡೆಯವರಿಗೂ ಇದೇ ಹೊತ್ತು ಅನುಕೂಲ. ಜುಲೈ, ಆಗಸ್ಟಿಗೆ ಇಟ್ಟುಕೊಂಡರೆ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಜರಿದು, ಮರ ಬಿದ್ದು, ಮಂಗಳೂರಿನ ದಾರಿ ನಂಬಿದವರ ಅಪಾಯಿಂಟ್‌ಮೆಂಟ್ ತಪ್ಪಿಹೋಗುತ್ತದೆ.

ಸಿಟಿ ಆಂಜಿಯೋಗೆ ಹೋಗುವ ಮುಂಚೆ

ಒಂದು ವಾರ ಮೊದಲು ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ ಮಾಡಿಸಿ. ಇದು ತಾಲ್ಲೂಕು ಮಟ್ಟದಲ್ಲೇ ಆಗುತ್ತದೆ. ಕಾಂಟ್ರಾಸ್ಟ್ ಔಷಧಿ ಕಿಡ್ನಿಯ ಮೂಲಕ ಹೊರಗೆ ಹೋಗಬೇಕು, ಕಿಡ್ನಿ ಸೋತಿದ್ದರೆ ಡಾಕ್ಟರ್ ಬೇರೆ ದಾರಿ ನೋಡುತ್ತಾರೆ. ರಿಪೋರ್ಟ್ ಇಲ್ಲದೆ ಹೋದರೆ ಅಲ್ಲೇ ರಕ್ತ ಕೊಟ್ಟು ಕಾಯಬೇಕು, ಒಂದು ದಿನವೇ ಹೋಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಿ. ಕಿಡ್ನಿ ಲೆಕ್ಕ, ಅಂದರೆ ಇಜಿಎಫ್‌ಆರ್, 30ಕ್ಕಿಂತ ಕೆಳಗಿದ್ದರೆ ಆ ದಿನ ಮಾತ್ರೆ ನಿಲ್ಲಿಸಿ, 48 ಗಂಟೆ ಕಳೆದು ಮತ್ತೆ ರಕ್ತ ಪರೀಕ್ಷೆ ನೋಡಿ ಶುರು ಮಾಡಿಸುತ್ತಾರೆ. ಹಿಂದೆ ಕಾಂಟ್ರಾಸ್ಟ್ ಹಾಕಿದಾಗ ಮೈ ತುರಿಕೆ, ಉಸಿರು ಕಟ್ಟಿದಂತೆ ಆಗಿದ್ದರೆ ಅದನ್ನೂ ಹೇಳಬೇಕು. ಔಷಧಿ ಒಳಗೆ ಹೋಗುವಾಗ ಮೈಯೆಲ್ಲ ಬಿಸಿಯಾಗುತ್ತದೆ, ಮೂತ್ರ ಹೋದ ಹಾಗೆ ಅನ್ನಿಸುತ್ತದೆ. ಅದು ಸಹಜ. ವಯಸ್ಸಾದವರಿಗೆ ಮೊದಲೇ ಹೇಳಿದ್ದರೆ ಗಾಬರಿ ಆಗುವುದಿಲ್ಲ.

ಚೀಟಿಯಲ್ಲಿ "ಇವಾರ್ ಆದವರು, ಡಿಲೇಡ್ ಫೇಸ್ ಕೂಡ ಬೇಕು" ಅಂತ ಡಾಕ್ಟರ್ ಬರೆದಿದ್ದಾರಾ ನೋಡಿಕೊಳ್ಳಿ. ಟೈಪ್ 2 ಸೋರಿಕೆ ನಿಧಾನ, ಔಷಧಿ ಹಾಕಿದ ಕೂಡಲೇ ತೆಗೆದ ಚಿತ್ರದಲ್ಲಿ ಕಾಣದೆ ಹೋಗಬಹುದು, ಸ್ವಲ್ಪ ತಡೆದು ತೆಗೆದ ಚಿತ್ರದಲ್ಲಿ ಕಾಣುತ್ತದೆ.

ಡಾಪ್ಲರ್ ದಿನ

ಆರೆಂಟು ಗಂಟೆ ಖಾಲಿ ಹೊಟ್ಟೆ ಬೇಕು. ಕರುಳಿನಲ್ಲಿ ಗ್ಯಾಸ್ ತುಂಬಿದ್ದರೆ ಅಲ್ಟ್ರಾಸೌಂಡಿಗೆ ಅದರಾಚೆಗಿನದು ಕಾಣುವುದಿಲ್ಲ, ಅಯೋರ್ಟಾ ಇರುವುದೇ ಹಿಂದುಗಡೆ. ಹಾಗಾಗಿ ಹಿಂದಿನ ರಾತ್ರಿ ಅವರೆಕಾಳು, ಹುರುಳಿಕಟ್ಟು, ಕಡಲೆ ಯಾವುದೂ ಬೇಡ. ಗಂಜಿಯೋ ಮೆತ್ತಗಿನ ಅನ್ನ ತಿಳಿಸಾರೋ ಮಾಡಿ. ಬೆಳಗಿನ ಮೊದಲ ಸರದಿಯನ್ನೇ ಕೇಳಿ. ಬಿಪಿ ಮಾತ್ರೆಯನ್ನು ಒಂದು ಗುಟುಕು ನೀರಲ್ಲಿ ತೆಗೆದುಕೊಳ್ಳಬಹುದಾ, ಸಕ್ಕರೆ ಮಾತ್ರೆ ಮತ್ತು ಇನ್ಸುಲಿನ್ ಏನು ಮಾಡಬೇಕು ಅಂತ ಹಿಂದಿನ ದಿನವೇ ಡಾಕ್ಟರನ್ನು ಕೇಳಿ, ಊಟ ಇಲ್ಲದೆ ಇನ್ಸುಲಿನ್ ಹಾಕಿಕೊಂಡು ಬಸ್ಸಿನಲ್ಲಿ ತಲೆ ಸುತ್ತಿ ಬಿದ್ದರೆ ಕಷ್ಟ. ಚೀಲದಲ್ಲಿ ಒಂದು ಬಾಟಲಿ ಕಾಫಿ, ನಾಲ್ಕು ಇಡ್ಲಿ ಇರಲಿ, ಸ್ಕ್ಯಾನ್ ಮುಗಿದ ಕೂಡಲೇ ತಿನ್ನಲು.

ಈಗ ನನಗೆ ಸಿಟ್ಟು ಬರುವ ವಿಷಯ. ಎರಡನೇ ವರ್ಷ ಒಂದು ಕಡೆ ಸ್ಕ್ಯಾನ್ ಮಾಡಿಸಿದೆವು. ರಿಪೋರ್ಟಿನಲ್ಲಿ ಬರೆದದ್ದು ಒಂದೇ ಸಾಲು, ಗ್ರಾಫ್ಟ್ ಇದೆ, ಸೋರಿಕೆ ಕಾಣುತ್ತಿಲ್ಲ ಅಂತ. ಅಳತೆಯೇ ಇಲ್ಲ! ನಾನು ತಿರುಗಿ ಹೋಗಿ ಕೇಳಿದೆ. ನಾರ್ಮಲ್ ಇದೆ ಹೋಗಿ ಅಂದರು. ಅಲ್ಲೇ ನಿಂತು ಮತ್ತೆ ಕೇಳಿದ ಮೇಲೆ ಕಂಪ್ಯೂಟರ್ ನೋಡಿ ಪೆನ್ನಿನಲ್ಲಿ 52 ಅಂತ ಬರೆದು ಸಹಿ ಹಾಕಿಕೊಟ್ಟರು. ಆ 52 ಇರದಿದ್ದರೆ ನಾಲ್ಕನೇ ವರ್ಷದ 60 ನಮಗೆ ಏನೂ ಹೇಳುತ್ತಿರಲಿಲ್ಲ. ಆಪರೇಷನ್‌ಗೆ ಮುಂಚೆ 58 ಇತ್ತಲ್ಲ, ಹತ್ತಿರ ಹತ್ತಿರ ಅಷ್ಟೇ ಇದೆ ಅಂದುಕೊಂಡು ಮನೆಗೆ ಬಂದಿರುತ್ತಿದ್ದೆವು.

ಹಾಗಾಗಿ ಸ್ಕ್ಯಾನ್ ಮಾಡುವವರ ಹತ್ತಿರ ಮರ್ಯಾದೆಯಿಂದಲೇ, ಆದರೆ ಶುರುವಿನಲ್ಲೇ ಹೇಳಿ: ಚೀಲದ ಅತಿ ಹೆಚ್ಚು ಅಗಲ ಮಿಲಿಮೀಟರಿನಲ್ಲಿ ಬೇಕು, ಚೀಲದೊಳಗೆ ಕೊಳವೆಯ ಹೊರಗೆ ರಕ್ತ ಹರಿಯುತ್ತಿದೆಯಾ ನೋಡಿ, ಎರಡೂ ಕಾಲಿನ ಕೊಳವೆಯಲ್ಲಿ ಹರಿವು ಸರಿ ಇದೆಯಾ ಬರೆಯಿರಿ, ಗ್ಯಾಸಿನಿಂದ ಏನಾದರೂ ಕಾಣದೆ ಹೋದರೆ ಕಾಣಲಿಲ್ಲ ಅಂತಲೇ ಬರೆಯಿರಿ. ಕೊನೆಯದು ತುಂಬಾ ಮುಖ್ಯ. ಕಾಣಲಿಲ್ಲ ಅನ್ನುವುದೂ ಸೋರಿಕೆ ಇಲ್ಲ ಅನ್ನುವುದೂ ಒಂದೇ ಅಲ್ಲ. ಹಳೇ ರಿಪೋರ್ಟನ್ನು ಅವರ ಕೈಗೆ ಕೊಡಿ. ಸಾಧ್ಯವಾದರೆ ಪ್ರತಿ ವರ್ಷ ಒಂದೇ ಕಡೆ, ಒಬ್ಬರ ಹತ್ತಿರವೇ ಮಾಡಿಸಿ.

ಪುಸ್ತಕ ಇಡಿ

ಅಂಗಡಿಯಲ್ಲಿ ಸಿಗುವ ಉದ್ದ ಲೆಕ್ಕದ ಪುಸ್ತಕ ಸಾಕು. ನಮ್ಮದರಲ್ಲಿ ಎಡದಿಂದ ತಾರೀಕು, ಎಲ್ಲಿ, ಸಿಟಿಯೋ ಡಾಪ್ಲರೋ, ಅಳತೆ, ಸೋರಿಕೆ, ಕ್ರಿಯಾಟಿನಿನ್, ಡಾಕ್ಟರ್ ಏನಂದರು ಅಂತ ಗೆರೆ ಎಳೆದಿದೆ. ಅಳತೆಯ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ 58, 57, 54, 52, ಆಮೇಲೆ ಒಂದು ಖಾಲಿ ಸಾಲು, ಆಮೇಲೆ 60. ಆ ಖಾಲಿ ಸಾಲನ್ನು ಬೇಕಂತಲೇ ಬಿಟ್ಟಿದ್ದೇನೆ. ಬೆಂಗಳೂರಿನ ಡಾಕ್ಟರ್ ದಪ್ಪ ಫೈಲ್ ಪಕ್ಕಕ್ಕಿಟ್ಟು ಮೊದಲು ನೋಡಿದ್ದು ಈ ಒಂದು ಪುಟವನ್ನೇ.

ಅಂಕಿ ಓದುವಾಗ ಎರಡು ಎಚ್ಚರ. ಕೆಲವರು ಸೆಂಟಿಮೀಟರ್, ಕೆಲವರು ಮಿಲಿಮೀಟರ್ ಬರೆಯುತ್ತಾರೆ, 5.2 ಅಂದರೂ 52 ಅಂದರೂ ಒಂದೇ. ಇನ್ನೊಂದು, ಸಿಟಿಯ ಅಳತೆಗೂ ಡಾಪ್ಲರಿನ ಅಳತೆಗೂ ಕೆಲವು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ, ಡಾಪ್ಲರಿನಲ್ಲಿ ಸಾಮಾನ್ಯವಾಗಿ ಕಡಿಮೆ ಬರುತ್ತದೆ. ಸಿಟಿಯನ್ನು ಸಿಟಿಗೆ, ಡಾಪ್ಲರನ್ನು ಡಾಪ್ಲರಿಗೆ ಹೋಲಿಸಿ. ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ಅಳೆಯುವ ಕೈಯ ವ್ಯತ್ಯಾಸವೂ ಇರಬಹುದು. 5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬೆಳೆದಿದ್ದರೆ ಮುಂದಿನ ವರ್ಷಕ್ಕೆ ಬಿಡಬೇಡಿ, ಆ ವಾರವೇ ರಕ್ತನಾಳದ ಡಾಕ್ಟರ್, ಅಂದರೆ ವ್ಯಾಸ್ಕುಲರ್ ಸರ್ಜನ್‌ಗೆ ತೋರಿಸಿ. ಒಂದೇ ವರ್ಷದಲ್ಲಿ ಅಷ್ಟಾಗದೆ, ವರ್ಷಕ್ಕೆರಡು ಮಿಲಿಮೀಟರಿನಂತೆ ಸುಮ್ನೆ ಏರುತ್ತಾ ಹೋಗುವುದೂ ಉಂಟು. ಪುಸ್ತಕ ಇದ್ದರೆ ಅದು ಕಣ್ಣಿಗೆ ಬೀಳುತ್ತದೆ.

ಅಪ್ಪನಿಗೆ ಆದದ್ದು ಇಷ್ಟು. ಡಾಪ್ಲರಿನಲ್ಲಿ 60 ಬಂದ ಮೇಲೆ ಸಿಟಿ ಆಂಜಿಯೋ ಮಾಡಿದರು. ಬಲಗಾಲಿನ ಕಡೆಯ ತುದಿಯಲ್ಲಿ ರಕ್ತನಾಳವೇ ಅಗಲವಾಗಿ ಕೊಳವೆ ಸಡಿಲವಾಗಿತ್ತು, ಟೈಪ್ 1 ಸೋರಿಕೆ. ಮತ್ತೆ ತೊಡೆಸಂದಿಯಿಂದಲೇ ಹೋಗಿ ಇನ್ನೊಂದು ತುಂಡು ಜೋಡಿಸಿ ಉದ್ದ ಮಾಡಿದರು. ಈಗ 55.

ದಿನನಿತ್ಯದ ಔಷಧಿ, ಬಿಪಿ, ಬೀಡಿ

ಬೀಡಿ, ಸಿಗರೇಟ್ ಪೂರ್ತಿ ಬಿಡಬೇಕು. ರಕ್ತನಾಳ ಹಾಳಾಗಲು ದೊಡ್ಡ ಕಾರಣಗಳಲ್ಲಿ ಅದೊಂದು. ಬಿಪಿ ಮಿಷನ್ ಮನೆಯಲ್ಲಿರಲಿ, ಐದು ನಿಮಿಷ ಕೂತು ಸುಧಾರಿಸಿಕೊಂಡು ನೋಡಿ ಬರೆದಿಡಿ. ಕೊಲೆಸ್ಟ್ರಾಲ್ ಮಾತ್ರೆ, ಆಸ್ಪಿರಿನ್ ಬರೆದಿದ್ದರೆ ಆರಾಮಾಗಿದ್ದೇನೆ ಅಂತ ನಿಲ್ಲಿಸುವಂತಿಲ್ಲ, ಹಲ್ಲು ಕೀಳಿಸುವುದಕ್ಕೂ ಕೇಳದೆ ನಿಲ್ಲಿಸಬೇಡಿ. ಹಲ್ಲಿನ ಡಾಕ್ಟರಿಗೆ ಗ್ರಾಫ್ಟ್ ಇರುವುದನ್ನು ಮೊದಲೇ ಹೇಳಿ, ವಸಡಿಗೆ ಕೈ ಹಾಕುವ ಮುಂಚೆ ಆಂಟಿಬಯೋಟಿಕ್ ಬೇಕಾ ಅಂತ ನಿಮ್ಮ ಸರ್ಜನ್‌ನನ್ನು ಕೇಳಲಿ. ಗ್ರಾಫ್ಟಿಗೆ ಸೋಂಕು ತಗುಲಿದರೆ ಬಿಡಿಸುವುದು ಬಹಳ ಕಷ್ಟ.

ಇದನ್ನು ಮಾತ್ರ ದಯವಿಟ್ಟು ನೆನಪಿಡಿ: ಸಿಪ್ರೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ನಾರ್‌ಫ್ಲಾಕ್ಸಾಸಿನ್. ಭೇದಿ ಅಂದರೆ, ಉರಿಮೂತ್ರ ಅಂದರೆ ನಮ್ಮ ಮೆಡಿಕಲ್ ಶಾಪುಗಳಲ್ಲಿ ಚೀಟಿ ಇಲ್ಲದೆಯೂ ಎತ್ತಿಕೊಡುವ ಮಾತ್ರೆಗಳು. ಅಯೋರ್ಟಾ ಅನ್ಯೂರಿಸಮ್ ಇರುವವರಿಗೆ ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಇವನ್ನು ಕೊಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರಿನಲ್ಲೇ ಎಚ್ಚರಿಸಿದೆ. ಹೆಸರು "ಫ್ಲಾಕ್ಸಾಸಿನ್" ಅಂತ ಮುಗಿದರೆ ತೆಗೆದುಕೊಳ್ಳುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ ಅಂತ ಅಮ್ಮನಿಗೆ ಹೇಳಿಕೊಟ್ಟಿದ್ದೇನೆ.

ದುಡ್ಡಿನ ವಿಷಯ ಒಂದು ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಆಪರೇಷನ್ ಆಗಿದ್ದರೆ, ಮುಂದಿನ ಸ್ಕ್ಯಾನುಗಳಲ್ಲಿ ಯಾವುದು ಅದರಲ್ಲಿ ಬರುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಡಿಸ್ಚಾರ್ಜ್‌ಗೆ ಮೊದಲೇ ಕೇಳಿ. ವರ್ಷಕ್ಕೊಂದು ಡಾಪ್ಲರಿನ ಖರ್ಚನ್ನು ಮನೆ ಲೆಕ್ಕದಲ್ಲಿ ಗೊಬ್ಬರದ ಖರ್ಚಿನ ಹಾಗೆ ಮೊದಲೇ ತೆಗೆದಿಡುವುದು ಒಳ್ಳೆಯದು.

ರಾತ್ರಿ ಹನ್ನೆರಡಕ್ಕೆ ಏನಾದರೂ ಆದರೆ

ಇದ್ದಕ್ಕಿದ್ದಂತೆ ಹೊಟ್ಟೆ ಅಥವಾ ಬೆನ್ನಲ್ಲಿ ಜೋರು ನೋವು, ಮೈ ಬೆವರುವುದು, ಕಣ್ಣು ಕತ್ತಲೆ ಬಂದು ಬೀಳುವುದು: ಬೇರೆ ಏನೆಂದು ಸಾಬೀತಾಗುವವರೆಗೂ ಅದು ಚೀಲ ಒಡೆದದ್ದು ಅಂತಲೇ ತಿಳಿದು ಹೊರಡಬೇಕು. ರಕ್ತ ವಾಂತಿ, ಡಾಂಬರಿನಂತಹ ಕಪ್ಪು ಮಲ ಕಂಡರೂ ಅಷ್ಟೇ, ಗ್ರಾಫ್ಟ್ ಮತ್ತು ಕರುಳಿನ ನಡುವೆ ದಾರಿಯಾಗಿರಬಹುದು. ವಾರಗಟ್ಟಲೆ ಬಿಡದ ಜ್ವರ, ತೂಕ ಇಳಿಯುವುದು, ಬೆನ್ನು ನೋವು ಸೇರಿ ಬಂದರೆ ಗ್ರಾಫ್ಟಿನ ಸೋಂಕಿರಬಹುದು, ಅದಕ್ಕೆ ಆಂಬುಲೆನ್ಸ್ ಬೇಡ, ಆದರೆ ತಡ ಮಾಡುವಂತಿಲ್ಲ.

ನಮ್ಮ ಕಡೆ ನಡೆಯುವ ತಪ್ಪು ಗೊತ್ತೇ ಇದೆ. ಗ್ಯಾಸ್ಟ್ರಿಕ್ ಅಂತ ಒಂದು ಇಂಜೆಕ್ಷನ್, ಕಿಡ್ನಿ ಕಲ್ಲು ಅಂತ ಇನ್ನೊಂದು, ಬೆಳಿಗ್ಗೆ ನೋಡೋಣ ಅಂತ ಮನೆಗೆ. ಸ್ಟೆಂಟ್ ಅಂದರೆ ಸಾಕು, ಎಲ್ಲರೂ ಹೃದಯದ ಸ್ಟೆಂಟ್ ಅಂದುಕೊಂಡು ಇಸಿಜಿ ತೆಗೆದು ಸರಿಯಾಗಿದೆ ಅನ್ನುತ್ತಾರೆ. ಹಾಗಾಗಿ ಬಾಯಿಪಾಠ ಮಾಡಿಕೊಳ್ಳಿ: "ಹೃದಯದ್ದಲ್ಲ, ಹೊಟ್ಟೆಯ ಅಯೋರ್ಟಾದಲ್ಲಿ ಸ್ಟೆಂಟ್ ಗ್ರಾಫ್ಟ್ ಇದೆ, ಅನ್ಯೂರಿಸಮ್ ಇತ್ತು." ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿದ್ದೇವೆ. ಕೆಳಗೆ 108, ಆಪರೇಷನ್ ಮಾಡಿದ ಆಸ್ಪತ್ರೆಯ ನಂಬರ್, ಪಕ್ಕದ ತೋಟದಲ್ಲಿ ಜೀಪ್ ಇರುವವರ ನಂಬರ್. ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಅಂಗಳದ ಮೂಲೆಯಲ್ಲಿ ಮಾತ್ರ, ಅದನ್ನೂ ಬರೆದಿದ್ದೇವೆ, ಬಂದ ನೆಂಟರಿಗೂ ಗೊತ್ತಾಗಲಿ ಅಂತ.

ಸಕಲೇಶಪುರದಿಂದ ಹಾಸನ ಸುಮಾರು 40 ಕಿಲೋಮೀಟರ್, ಅಲ್ಲಿಂದ ಬೆಂಗಳೂರು ಸುಮಾರು 180. ಮೊದಲು ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ, ಹಾಸನದಲ್ಲಾದರೆ ಹಿಮ್ಸ್‌ನಂತಹ ಕಡೆ, ನೋಡಿಸಿ, ಅಲ್ಲಿಂದಲೇ ವ್ಯಾಸ್ಕುಲರ್ ಸರ್ಜನ್ ಇರುವ ಆಸ್ಪತ್ರೆಗೆ ಫೋನ್ ಮಾಡಿಸಿ, ಹಾಸಿಗೆ ಇದೆ ಅಂತ ಖಚಿತ ಮಾಡಿಕೊಂಡು ಹೊರಡಿಸಿ. ಮಲಗಿಸಿಯೇ ಕರೆದುಕೊಂಡು ಹೋಗಿ, ತಿನ್ನಲು ಕುಡಿಯಲು ಏನೂ ಕೊಡಬೇಡಿ. ಸ್ಟೀಲ್ ಡಬ್ಬ ಜೊತೆಗೇ ಹೋಗಲಿ.

ಮನೆಯ ಉಳಿದವರು

ಈ ಕಾಯಿಲೆ ರಕ್ತಸಂಬಂಧದಲ್ಲಿ ಹರಿದು ಬರುವುದುಂಟು. 50 ದಾಟಿದ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಒಂದು ಸಲ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಬೇಕು. ನೋವಿಲ್ಲ, ಕಾಂಟ್ರಾಸ್ಟ್ ಇಲ್ಲ, ಹತ್ತು ನಿಮಿಷದ ಕೆಲಸ. ಅಯೋರ್ಟಾದ ಅಳತೆ ಬರೆಯಿರಿ ಅಂತ ಬಾಯಿಬಿಟ್ಟು ಕೇಳಿ, ಕೇಳದಿದ್ದರೆ ಲಿವರ್, ಕಿಡ್ನಿ ನೋಡಿ ಕಳಿಸುತ್ತಾರೆ. ಚಿಕ್ಕಪ್ಪನಿಗೆ 34 ಬಂತು, ಈಗ ಅವರದ್ದೂ ಒಂದು ಪುಟ ಶುರುವಾಗಿದೆ. ನಾನು ಹೋದ ವರ್ಷ 50 ತುಂಬಿದ ತಿಂಗಳಲ್ಲೇ ಮಾಡಿಸಿಕೊಂಡೆ. 19 ಮಿಲಿಮೀಟರ್. ಅದನ್ನು ಅಪ್ಪನ ಪುಸ್ತಕದ ಕೊನೆಯ ಪುಟದಲ್ಲಿ ತಾರೀಕು ಹಾಕಿ ಬರೆದಿಟ್ಟಿದ್ದೇನೆ.